ಹುಳುಮನೆಗೆ ನಾನು ತೋಡಿದ ದಾರಿ

ಹಲಗೂರಿನ ಹತ್ತಿರ ನನ್ನ ಅಕ್ಕ ರೇಷ್ಮೆ ಹುಳು ಸಾಕುತ್ತಾಳೆ. ಸೋಂಕು ತಗುಲೀತೆಂದು ಅವಳ ಹುಳುಮನೆಗೆ ಬೇರೆ ಯಾರೂ ಕಾಲಿಡುವಂತಿಲ್ಲ. ಅವಳೂ ಅಷ್ಟೇ, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಹೊಸಿಲಲ್ಲಿ ಸುಣ್ಣದ ಪುಡಿ ತುಳಿದೇ ಒಳಗೆ ಹೋಗುವುದು. ಭಾವ ಹೋದ ವರ್ಷ ತೀರಿಕೊಂಡರು. ಆವತ್ತು ಜನರೆದುರು ಅಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲೆದೆಯವಳು ಎಂದು ಊರು ಆಡಿಕೊಂಡಿತು.

"ನಾನು ತೋಟದಲ್ಲಿ ಸೊಪ್ಪು ಕುಯ್ತಿರುವಾಗ ಒಳಗೆ ಕಾವು ಎಷ್ಟೈತೆ ಅಂತ ಫೋನಲ್ಲಿ ಕಂಡ್ರೆ ಸಾಕು ಕಣ್ಲಾ," ಎಂದಳು ಅಕ್ಕ ನನಗೆ. ಕೇಳಿದ್ದು ಅಷ್ಟೇ.

ನಾನು ಮಂಡ್ಯದ ಗುತ್ತಲಿನಲ್ಲಿ ಕ್ಯಾಮೆರಾ, ನೆಟ್‌ವರ್ಕ್ ಕೆಲಸ ಮಾಡುವವನು. ಸುಮ್ಮನಿರಲು ಆದೀತೆ? ಕಾವು ಅಳೆಯುವುದರ ಜೊತೆಗೆ ಹುಳು ಇಲ್ಲದ ದಿನ ನೋಡಿ ಒಂದು ಕ್ಯಾಮೆರಾವನ್ನೂ ಜಡಿದೆ, ದನಿಯೂ ಕೇಳಿಸುವಂಥದ್ದು. ಹುಳು ಕಾಣಿಸುತ್ತವಲ್ಲ ಎಂದು ಅವಳೂ ಒಪ್ಪಿದಳು.

ಅವಳ ಮನೆಯ ಇಂಟರ್ನೆಟ್ಟಿನಲ್ಲಿ ಒಳಗಿಂದ ಹೊರಗೆ ಹೋಗಬಹುದು, ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬರಲಾಗದು. ಬರಬೇಕೆಂದರೆ ಒಂದು ದಾರಿ ತೋಡಬೇಕು. ನಾವು ಟನಲ್ ಅನ್ನುತ್ತೇವೆ. ಕಂಪನಿಯವರ ಟನಲ್ ಹಾಕಿಕೊಂಡಿದ್ದರೆ ಕಾವಲು ಅವರದ್ದೇ, ನೋಡುವವರೆಲ್ಲ ಗುರುತು ಕೊಟ್ಟೇ ಬರಬೇಕು. ನನಗೆ ಅದು ಹಿಡಿಸಲಿಲ್ಲ. ನಮ್ಮ ಅಕ್ಕನ ಮನೆಯೊಳಗನ್ನು ಯಾವನೋ ಕಂಪನಿಯವನ ಮೂಲಕ ಯಾಕೆ ಹಾಯಿಸಬೇಕು? ಬಾಡಿಗೆಗೊಂದು ಸರ್ವರ್ ಹಿಡಿದು ನನ್ನದೇ ಟನಲ್ ಕಟ್ಟಿದೆ. ಗೆಳೆಯರ ಮುಂದೆ ಮಾನ, ಮರ್ಯಾದೆ, ಗುಟ್ಟು ಎಂದೆಲ್ಲ ಭಾಷಣ ಬಿಗಿದೆ. ನಾಚಿಕೆಯಾಗಬೇಕು ನನಗೆ.

ಸ್ವಂತ ಟನಲ್‌ಗೆ ಬೀಗವನ್ನೂ ನಾವೇ ಹಾಕಬೇಕು. ಮೊದಲು ಒಂದು ಪಾಸ್‌ವರ್ಡ್ ಇಟ್ಟಿದ್ದೆ. ನನ್ನ ಕೆಲಸ ನೋಡಿ ಹೊಗಳಲಿ ಎಂದು ಮನೆಯವರ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿದ್ದೆ. ಅಕ್ಕ ಆ ಗುಂಪಿನಲ್ಲಿಲ್ಲ. "ಅದೇನ್ಲಾ ಪಾಸ್ವರ್ಡು, ನನ್ನ ಕೈಲಾಗಲ್ಲ," ಎಂದು ಮದ್ದೂರಿನ ಚಿಕ್ಕಮ್ಮ ಗೊಣಗಿದರು. ಪಾಸ್‌ವರ್ಡ್ ತೆಗೆದುಬಿಟ್ಟೆ. ಅಕ್ಕನಿಗೆ ಒಂದು ಮಾತು ಹೇಳಬೇಕೆಂದೂ ಅನ್ನಿಸಲಿಲ್ಲ. ಅವಳ ಫೋನಿನಲ್ಲಿ ಮಾತ್ರ ಕಾಣುತ್ತದೆಂದೇ ಅವಳು ತಿಳಿದಿದ್ದಳು.

ಭಾವನ ವರ್ಷದ ತಿಥಿಗೆ ಎಲ್ಲರೂ ಸೇರಿದ್ದೆವು. ಅಕ್ಕ ಪಾಯಸ ಬಡಿಸುತ್ತಿದ್ದಳು. ಚಿಕ್ಕಮ್ಮ ಅವಳ ಕೈ ಹಿಡಿದು, ಮರುಕದಿಂದಲೇ, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು: "ನಮ್ಮ ಮುಂದೆ ಕಲ್ಲಿನಂಗೆ ಇರ್ತೀಯ. ಉಳದ ಮನೇಲಿ ಒಬ್ಬಳೇ ಕುಂತ್ಕಂಡು ಗಂಡನ್ನ ಕರ್ದು ಕರ್ದು ಅಳ್ತೀಯಲ್ಲ ಕಣಮ್ಮ! ದಿನಾ ಫೋನಲ್ಲಿ ನೋಡಿ ನಮ್ಮ ಕರುಳು ಕಿತ್ತು ಬತ್ತದೆ."

ಇನ್ನಿಬ್ಬರು ಹೌದೌದು ಎಂದು ತಲೆಯಾಡಿಸಿದರು. ಅವರೂ ನೋಡಿದ್ದರು. ಲಿಂಕ್ ಇನ್ನೂ ಎಲ್ಲೆಲ್ಲಿಗೆ ಹೋಗಿತ್ತೋ! ಅಕ್ಕ ತಿರುಗಿ ನನ್ನನ್ನು ನೋಡಿದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಮೇಲೂ ಅವಳು ಕೊನೆಯ ಎಲೆಯವರೆಗೆ ಬಡಿಸಿದಳು.

ನೆಂಟರು ಹೊರಟ ಮೇಲೆ ಸರ್ವರ್ ನಿಲ್ಲಿಸಿದೆ. ಬೆಳೆ ಮುಗಿದು ಖಾಲಿಯಿದ್ದ ಹುಳುಮನೆಯಿಂದ ಕ್ಯಾಮೆರಾ ಕಿತ್ತು ತಂದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಕ್ಕನ ಮುಂದೆ ನಿಂತೆ.

"ತಪ್ಪಾಯ್ತು ಕಣಕ್ಕ. ಎಲ್ಲಾ ತೆಗೆದಾಕ್ದೆ. ಇನ್ನು ಯಾರಿಗೂ ಕಾಣಲ್ಲ."

ಅವಳು ತಲೆ ಎತ್ತಲಿಲ್ಲ.

"ಆಗ್ಲಿ ಬುಡು," ಎಂದಳು. "ಇನ್ನು ಅಲ್ಲಿ ಕುಂತ್ಕಂಡ್ರೂ ನಂಗೆ ಅಳು ಬರಾಕಿಲ್ಲ."