ಹಾಸಿನಲ್ಲಿ ಕಳೆದುಹೋದ ಎಳೆ

ಗಿರಣಿಯಲ್ಲಿ ನಮ್ಮಕ್ಕನನ್ನು ಎಲ್ಲರೂ 'ಹದ್ದು' ಎನ್ನುತ್ತಿದ್ದರು. ತಪಾಸಣೆಯ ಹಲಗೆಯ ಮೇಲೆ ಬಟ್ಟೆ ಸರಸರನೆ ಇಳಿಯುತ್ತಿದ್ದರೆ, ಪಕ್ಕದವಳ ಸೊಸೆಯ ಕಥೆಗೆ ಹೂಂಗುಟ್ಟುತ್ತಲೇ ತಟ್ಟನೆ ಯಂತ್ರ ನಿಲ್ಲಿಸಿ, ಕೆಟ್ಟ ಎಳೆಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದಳು. ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದು ನೆನಪಿರದವಳಿಗೆ ಕೂದಲೆಳೆಯಷ್ಟು ದೋಷವೂ ತಪ್ಪುತ್ತಿರಲಿಲ್ಲ. ನಾನು ಅವಳ ತಂಗಿ, ಅದೇ ಗಿರಣಿಯಲ್ಲಿ ಬಟ್ಟೆ ಮಡಿಸುವವಳು.

ಕಳೆದ ವರ್ಷ ಅವಳ ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯಿಂದ ತನ್ನ ಕಾಲ ಮೇಲೇ ನಡೆದು ಬಂದಳು. ಮಾತು, ಕೋಪ, ಹಟ ಎಲ್ಲ ಮೊದಲಿನಂತೆಯೇ ಇತ್ತು. ಕಣ್ಣಿನ ಡಾಕ್ಟರು ಒಂದೊಂದೇ ಅಕ್ಷರ ತೋರಿಸಿದರೆ ತೀರ ಸಣ್ಣದನ್ನೂ ಓದಿದಳು. ಮತ್ತೆ ಕೆಲಸಕ್ಕೆ ಬರತೊಡಗಿದ ಮೇಲೆ, ಸಂಜೆ ಗಿರಣಿಯ ಗೇಟಿನ ಹತ್ತಿರ ಮಾತ್ರ ನಾನು ಹೋಗಿ ಕೈ ಹಿಡಿಯುವವರೆಗೂ ಕದಲುತ್ತಿರಲಿಲ್ಲ. "ಮಹಾರಾಣಿಯವರಿಗೆ ಪಲ್ಲಕ್ಕಿ ಬೇಕಾ?" ಎಂದು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು.

ಆಮೇಲೆ ಗ್ರಹಚಾರ ಶುರುವಾಯಿತು. ಉದ್ದುದ್ದ ಗೀರಿನ ಬಟ್ಟೆಯ ಥಾನೊಂದು, ಇಡೀ ಸುರುಳಿಯೇ, ಕೊಂಡವರಿಂದ ಹಿಂದಕ್ಕೆ ಬಂತು. ಉದ್ದಕ್ಕೂ ಹಾಸಿನ ಎಳೆಯೊಂದು ಇಲ್ಲವೇ ಇಲ್ಲ. ಬೆನ್ನಿಗೇ ಇನ್ನೊಂದು ಬಂತು. ಅಡ್ಡ ಬರುವ ಹೊಕ್ಕಿನ ದೋಷವನ್ನು ಅಕ್ಕ ಈಗಲೂ ಹಿಡಿಯುತ್ತಿದ್ದಳು. ಉದ್ದದ ಹಾಸಿನದು ಮಾತ್ರ ಕಣ್ಣೆದುರೇ ಜಾರಿಹೋಗುತ್ತಿತ್ತು. ಸೂಪರ್‌ವೈಸರ್ ಬಟ್ಟೆಯ ಮೇಲೆ ಬೆರಳಿಟ್ಟ.

"ಇದು ಕಾಣಲ್ವೇನಮ್ಮಾ?"

"ಕಾಣ್ತಿದೆ."

"ಮತ್ತೆ ಆಗ ಕಣ್ಣೇನು ಕಡ ಕೊಟ್ಟಿದ್ಯಾ?"

ಬೆರಳಿಟ್ಟರೆ ಕಾಣುತ್ತಿತ್ತು, ತೆಗೆದರೆ ಮಾಯ. ಇದನ್ನು ಯಾರಿಗೆ ಹೇಳುವುದು, ಯಾರು ನಂಬುತ್ತಾರೆ? ಸೋಮವಾರ ತನ್ನೆದುರು ಒಂದು ಥಾನು ನೋಡಬೇಕು, ತಪ್ಪಿದರೆ ಮನೆಗೆ ಹೋಗಬೇಕು ಎಂದು ಅವನು ಹೇಳಿಬಿಟ್ಟ. ಭಾವ ಹೋದ ಮೇಲೆ ಅಕ್ಕನಿಗೆ ಉಳಿದಿದ್ದದ್ದು ಆ ಹಲಗೆಯೊಂದೇ.

"ಅದೂ ಹೋದ್ರೆ ನಾನ್ಯಾರೇ?" ಎಂದಳು.

ಮೆದುಳಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆ ಪುಣ್ಯಾತ್ಮ ಒಬ್ಬರೇ ನಂಬಿದವರು.

"ಕಣ್ಣು ಚೆನ್ನಾಗಿದೆಯಮ್ಮ. ನೋಡೋ ಕೆಲಸ ನಡೆಯೋದು ತಲೆ ಹಿಂದೆ. ಅಲ್ಲಿರೋ ಒಂದೊಂದು ನರಕೋಶವೂ ತನ್ನ ಪಾಲಿನ ಚೂರು ಜಾಗ ನೋಡುತ್ತೆ. ಆದ್ರೆ ಅಕ್ಕಪಕ್ಕ ಏನಿದೆ ಅಂತ ಕೇಳ್ಕೊಂಡೇ ಅದು ಕೂಗೋದು. ಸುತ್ತ ಎಲ್ಲ ಒಂದೇ ದಿಕ್ಕಿನ ಗೆರೆ ಇದ್ರೆ ದನಿ ತಗ್ಗಿಸುತ್ತೆ. ನಡುವೆ ಒಂದು ಅಡ್ಡಗೆರೆ ಇದ್ರೆ ಜೋರಾಗಿ ಕೂಗುತ್ತೆ. ಇದು ಎಲ್ಲರಲ್ಲೂ ಇರೋದೇ. ನಿಮ್ಮಕ್ಕನಿಗೆ ಆ ತಗ್ಗಿಸೋದು ಮಿತಿಮೀರಿದೆ, ಅಷ್ಟೇ."

"ವಾಸಿ ಆಗುತ್ತಾ?"

ಅವರು ಪೆನ್ನಿನ ಮುಚ್ಚಳ ಹಾಕಿ, "ಹೇಳಕ್ಕಾಗಲ್ಲ" ಎಂದರು.

ಅಡ್ಡ ಇದ್ದರೆ ಕಾಣುತ್ತದಲ್ಲ! ನನಗೆ ಥಟ್ಟನೆ ಹೊಳೆಯಿತು. ಭಾನುವಾರ ಮಂಚವನ್ನು ಗೋಡೆಗೆ ಒರಗಿಸಿ, ಗೀರಿನ ಬಟ್ಟೆಯೊಂದನ್ನು ನೆಲದ ಮೇಲೆ ಅಡ್ಡಡ್ಡ ಹಾಸಿದೆ. ಒಂದು ಹಾಸಿನ ಎಳೆಯನ್ನು ಮೊದಲೇ ಕಿತ್ತಿಟ್ಟಿದ್ದೆ. ಅಕ್ಕ ಮಂಡಿಯೂರಿ ಈ ಗೋಡೆಯಿಂದ ಆ ಗೋಡೆಯವರೆಗೆ ಹುಡುಕಿದಳು.

"ಎಲ್ಲಿ ಕಿತ್ತೆ?"

ಆಗ ನನ್ನ ತಲೆಗೆ ಹೋಯಿತು. ಬಟ್ಟೆ ತಿರುಗಿಸಿದರೆ ಅದರ ಎಳೆಗಳೆಲ್ಲ ಜೊತೆಗೇ ತಿರುಗಿದ್ದವು! ಬಟ್ಟೆಯ ನಡುವೆಯೇ ಜೀವ ತೇದ ನಮ್ಮಿಬ್ಬರಿಗೂ ಇಷ್ಟು ಹೊಳೆಯಲಿಲ್ಲ. ಬಿದ್ದು ಬಿದ್ದು ನಕ್ಕೆವು. ನಗುತ್ತಿದ್ದ ಅಕ್ಕ ಯಾವಾಗ ಅಳತೊಡಗಿದಳೋ ನನಗೆ ಗೊತ್ತಾಗಲಿಲ್ಲ.

ಕೊನೆಗೆ ರಟ್ಟಿನಲ್ಲೊಂದು ಕಿಂಡಿ ಕೊರೆದುಕೊಟ್ಟೆ. ಸುತ್ತಲಿನದು ಮರೆಯಾದದ್ದೇ ತಡ, ಕಿಂಡಿಯೊಳಗೆ ಬಂದ ದೋಷವನ್ನು ಅಕ್ಕ ಹಿಡಿದಳು. ಸೋಮವಾರ ಆ ರಟ್ಟನ್ನು ಎದೆಗವಚಿಕೊಂಡು ಹೋದಳು. ಆದರೆ ಹಲಗೆಯ ಮೇಲೆ ಬಟ್ಟೆ ನಿಲ್ಲುತ್ತದೆಯೇ? ಅವಳು ಕಿಂಡಿಯಲ್ಲಿ ಅಂಗೈಯಗಲ ನೋಡುವಷ್ಟರಲ್ಲಿ ಗಜಗಟ್ಟಲೆ ಇಳಿದುಹೋಗುತ್ತಿತ್ತು.

"ಸ್ವಲ್ಪ ನಿಧಾನ ಮಾಡಿ ಸಾರ್, ನಿಮಗೆ ಕೈ ಮುಗೀತೀನಿ" ಎಂದಳು. ಯಾರಿಗೂ ತಲೆಬಾಗದ ನಮ್ಮಕ್ಕ!

"ಗಿರಣಿ ನಿನಗೋಸ್ಕರ ತೆವಳಬೇಕಾ?" ಎಂದವನು ಥಾನಿನ ಕೊನೆಯಲ್ಲಿ ಯಂತ್ರ ನಿಲ್ಲಿಸಿ, ತಪ್ಪಿಹೋದ ಎಳೆಗಳ ಮೇಲೆ ಬೆರಳಿಡುತ್ತ ಬಂದ. ಬೆರಳಿಟ್ಟದ್ದೆಲ್ಲ ಅವಳಿಗೆ ಕಾಣುತ್ತಿತ್ತು.

ಸಂಜೆ ಬಸ್ಸಿಗಾಗಿ ಗಿರಣಿಯ ನೀಲಿ ಕೋಟು ತೊಟ್ಟ ಹೆಂಗಸರೆಲ್ಲ ಗೇಟಿನ ಹೊರಗೆ ಸಾಲಾಗಿ ನಿಂತಿದ್ದೆವು. ಅಕ್ಕ ತನ್ನ ಕೋಟು ಒಪ್ಪಿಸಿ ಕೊನೆಗೆ ಬಂದಳು. ಅವಳ ಕಣ್ಣು ನನ್ನ ಮುಖದ ಮೇಲೆ ಹರಿದು ಮುಂದಕ್ಕೆ ಹೋಯಿತು. ವಾಪಸ್ ಬಂತು, ಮತ್ತೆ ಹೋಯಿತು.

"ಎಲ್ಲಿದ್ದೀಯೇ? ನನ್ನ ಬಿಟ್ಟು ಹೋದ್ಯಾ?"

ಎದುರಿಗೇ ಇದ್ದೆ. ಆ ಸಾಲಿನಲ್ಲಿ ಎಲ್ಲರಂತೆ ನೆಟ್ಟಗೆ ನಿಂತಿದ್ದೆ. ಇಷ್ಟು ದಿನ ಇವಳು ಇಲ್ಲಿ ನಿಂತು ಕಾಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅಯ್ಯೋ, ನಾನು ಪಲ್ಲಕ್ಕಿಯ ಮಾತಾಡಿದ್ದೆನಲ್ಲ!

ಎರಡೂ ಕೈಗಳನ್ನು ಅಡ್ಡಕ್ಕೆ ಚಾಚಿದೆ. ಮೊಣಕೈ ತಗುಲಿದ ಪಕ್ಕದವಳು, "ನಿನಗೇನು ಬಂತೇ?" ಎಂದು ಬೈದಳು. ಅಕ್ಕನ ಮುಖ ಅರಳಿತು. ಸೀದಾ ನನ್ನ ಕಡೆಗೆ ನಡೆಯತೊಡಗಿದಳು. ಬಸ್ಸು ಬಂತು, ಹೆಂಗಸರೆಲ್ಲ ನೂಕಾಡಿ ಹತ್ತಿದರು, ಬಸ್ಸು ಹೊರಟೂ ಹೋಯಿತು. ಅವಳು ಬಂದು ಮುಟ್ಟುವವರೆಗೂ ನಾನು ಕೈ ಇಳಿಸಲಿಲ್ಲ.