ಟಿಕೋಟಾದ ಒಂದ ಲೈನು

ಎಪ್ಪತ್ತರ ದಶಕದಾಗ ನಾನು ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಾಗ ಆಪರೇಟರ್ ಇದ್ದೆ. ಟಿಕೋಟಾದ ನಾಕೈದು ಫೋನಿಗೆಲ್ಲಾ ಸೇರಿ ಇದ್ದದ್ದು ಒಂದ ಲೈನು. ಮಾತು ಮುಗದ ಮ್ಯಾಲ ಫೋನಿನ ಹಿಡಿ ತಿರುವಿ ಗಂಟಿ ಕೊಡಬೇಕು. ಆಗ ನಾವು ಬೋರ್ಡಿನಾಗಿನ ವಾಯರು ಕಿತ್ತು ಮುಂದಿನವರಿಗೆ ಲೈನು ಕೊಡತಿದ್ವಿ.

ಆದ್ರ ದಿನಾ ಮಧ್ಯಾಹ್ನ ಆ ಲೈನು ಸಿಕ್ಕೊಂಡು ಬಿಡತಿತ್ತು. ಕಾದವರ ಬೈಗಳ ತಿಂದು ತಿಂದು ಸಾಕಾಗಿ, ಒಂದು ವಾರ ಅದರ ಬೆನ್ನು ಹತ್ತಿದೆ. ನಡುನಡುವ ಕಿವಿಗೊಟ್ಟು ಕೇಳಿದ್ರ ಮಾತಿಲ್ಲ ಕತಿಯಿಲ್ಲ, ಲೈನು ಮಾತ್ರ ಹಿಡದದ್ದು ಹಿಡದಂಗ! ಟಿಕೋಟಾಕ್ಕ ದಿನಾ ಫೋನ್ ಹಚ್ಚಸತಿದ್ದ ನಮ್ಮೂರ ಗಾಂಧಿ ಚೌಕದ ಮೆಣಸಿನಕಾಯಿ ಸಾವಕಾರರನ್ನ ಕೇಳೇಬಿಟ್ಟೆ, 'ಗಂಟಿ ಯಾಕ ಕೊಡೂದಿಲ್ರಿ?'

'ಏ ತಂಗಿ, ಆ ಕಡೆ ನಮ್ಮ ಬೀಗರದಾರ. ಮಾತು ಮುಗದಕೂಡಲೆ ಗಂಟಿ ಬಾರಿಸಿದ್ರ ಎದ್ದು ಹೋಗ್ರಿ ಅಂದಂಗ ಆಗತೈತಿ. ಚಂದ ಕಾಣೂದಿಲ್ಲವ್ವಾ' ಅಂದ್ರು. ಎಲ್ಲಾರೂ ಹಿಂಗ!

ಹಣಿ ಹಣಿ ಬಡಕೊಂಡೆ. ಮರುದಿನದಿಂದ ನಂದ ಕಾಯ್ದೆ. 'ಮಾತಾಡಾಕತ್ತೀರೇನ್ರಿ?' ಅಂತ ಎರಡು ಸಲ ಕೇಳೂದು, ಉತ್ತರ ಬರಲಿಲ್ಲಂದ್ರ ಕಿತ್ತೊಗೆಯೂದು. ಲೈನು ಖುಲ್ಲಾ! ನನ್ನಂಥ ಶಾಣ್ಯಾಕಿ ಇಲ್ಲ ಅಂತ ಸೊಕ್ಕು ಬಂದಿತ್ತು ನೋಡ್ರಿ.

ಒಂದಿನ ಮುಂಜಾನಿ ವಿಜಾಪುರದ ದವಾಖಾನಿಯೊಂದರ ನರ್ಸಬಾಯಿ ಟಿಕೋಟಾದ ಪೋಸ್ಟಿಗೆ ಫೋನ್ ಹಚ್ಚಿಸಿದ್ಲು. ಟಿಕೋಟಾದ ಹೆಂಗಸೊಬ್ಬಾಕಿಗೆ ಹೆರಿಗಿ ಕಷ್ಟಾಗಿತ್ತು. ಹೊಟ್ಟಿ ಕೊಯ್ದು ಕೂಸು ತಗೀಬೇಕು, ಅದಕ್ಕ ಊರಾಗಿದ್ದ ಗಂಡನ ಒಪ್ಪಿಗಿ ಬೇಕು. ಅತ್ತ ಪೋಸ್ಟಿನಂವ ಗಂಡನ್ನ ಕರಿಯಾಕ ಓಡಿದ. ಇತ್ತ ನರ್ಸಬಾಯಿ ಫೋನು ಟೇಬಲ್ ಮ್ಯಾಲಿಟ್ಟು ಬಸುರಿ ಹೆಂಗಸಿನ ಕಡೆ ಹೋದ್ಲು. ಇದೆಲ್ಲಾ ನನಗ ಆಮ್ಯಾಲ ತಿಳೀತು. ನನಗ ಕೇಳಿಸಿದ್ದು ಖಾಲಿ ಲೈನು. ಎರಡು ಸಲ ಕೇಳಿದೆ, ಕಿತ್ತೆ, ಸಾವಕಾರರಿಗೆ ಕೊಟ್ಟೆ.

ಗಂಡ ಓಡಿ ಬಂದು ಕಿವಿಗಿಟ್ಟರ ಸತ್ತ ಫೋನು. ಹಿಡಿ ತಿರುವಿ ತಿರುವಿ ಸೋತು ಬಸ್ಸಿಗೆ ಓಡಿದ. ಇತ್ತ ನರ್ಸಬಾಯಿ ಹೊಳ್ಳಿ ಬಂದು ಲೈನು ಎಲ್ಲೈತಿ ಅಂತ ಒದರಿದ್ಲು, ನಾ ಸಾವಕಾರರ ಮಾತು ನಡುವ ಕಿತ್ತು ಲೈನು ಕೊಟ್ಟೆ. 'ಅಂವ ಬಸ್ ಹತ್ಯಾನ್ರಿ' ಅಂದ ಪೋಸ್ಟಿನಂವ. ಬಸ್ಸು ಬರೂದರಾಗ ತಾಯಿ, ಕೂಸು ಇಬ್ಬರೂ ಹೋಗಿದ್ರು.

ಹದಿನೈದು ದಿನಕ್ಕ ಆಕಿ ಗಂಡ ಎಕ್ಸ್‌ಚೇಂಜಿಗೆ ಬಂದ.

'ಅಕ್ಕಾರ, ಅವತ್ತ ನಾ ಚಪ್ಪಲಿ ಹುಡುಕಾಕ ನಿಂತೆನ್ರಿ. ತಡಾ ಆತಂತ ಲೈನು ಹೋತೇನ್ರಿ?'

ನಾನ ಕಿತ್ತೆ ಅನ್ನಾಕ ಬಾಯಿ ಬರಲಿಲ್ಲ.

'ಇಲ್ಲಪ್ಪಾ, ಲೈನು ತಾನ ಹೋತು' ಅಂದೆ.

ಅಂವ ನನಗ ಕೈ ಮುಗದು ಹೋದ.