ಎರಡು ಲೀಟರು, ಮೂರು ಲೀಟರು ಮತ್ತು ಒಂದು ಲಿಂಬಿಹಣ್ಣು

ಆಗ ನಮ್ಮ ಬನಹಟ್ಟಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಓಣಿಯಲ್ಲಿ ಹತ್ತು ಮನೆಯಿದ್ದರೆ ಎಂಟರಲ್ಲಿ ಪವರ್‌ಲೂಮ್. ಬೆಳಗಾದಾಗ ಶುರುವಾದ ಮಗ್ಗದ ಸಪ್ಪಳ ಕತ್ತಲಾದರೂ ನಿಲ್ಲುತ್ತಿರಲಿಲ್ಲ. ಅದನ್ನು ದಾಟಿ ನಮ್ಮ ದನಿ ಹೋಗಬೇಕು. "ಚಹಾ ಕುಡೀತೀರೇನ್ರಿ?" ಎಂದು ಅವ್ವ ಅಪ್ಪನನ್ನು ಕೇಳಿದರೆ ಮೂರನೇ ಮನೆಯವರು "ಹ್ಞೂಂ, ನಮಗೂ ಒಂದ್ ಕಪ್ ಇಡ್ರಿ" ಎಂದು ಕೂಗುತ್ತಿದ್ದರು. ಕರೆಂಟು ಹೋದಾಗ ಮಾತ್ರ ಊರು ಗಪ್ಪಾಗುತ್ತಿತ್ತು. ಆ ಹೊತ್ತಿನಲ್ಲಿ ಗುಬ್ಬಿಗಳೂ ಇದ್ದಾವೆ ಎಂಬುದು ನಮಗೆ ಗೊತ್ತಾಗುತ್ತಿತ್ತು.

ಅಪ್ಪನವು ಎಂಟು ಮಗ್ಗ. ಹತ್ತಿಯ ಧೂಳು ಅವನ ಹುಬ್ಬಿನ ಮೇಲೆ ಯಾವಾಗಲೂ ಬೆಳ್ಳಗೆ ಕೂತಿರುತ್ತಿತ್ತು. ಮನೆಯಲ್ಲೂ, ಗುಡಿಯಲ್ಲೂ, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಅವನದು ಒಂದೇ ದೊಡ್ಡ ದನಿ. ನಗು ಮಾತ್ರ ಕಡಿಮೆ. ನೂಲಿನ ದರ ಏರಿತ್ತು, ಸೀರೆ ಕೇಳುವವರು ಇಳಿದಿದ್ದರು, ಎಂಟರಲ್ಲಿ ಮೂರು ಮಗ್ಗ ನಿಂತಿದ್ದವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನಾಗ ಐದನೇ ಇಯತ್ತೆಯ ಹುಡುಗಿ. ಹೆಸರು ಪಾರ್ವತಿ, ಕರೆಯುವುದು ಪಾರಿ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಆಯಿ, ಅಂದರೆ ಅಪ್ಪನ ತಾಯಿ, ಬಚ್ಚಲಲ್ಲಿ ಜಾರಿ ಬಿದ್ದಳು. ಬೆನ್ನಿಗೆ ಪೆಟ್ಟಾಯಿತು. ಮಿರಜಿನ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬರಬೇಕೆಂದರು. ಎರಡನೇ ಸಲ ಬಾಡಿಗೆ ಜೀಪಿನಲ್ಲಿ ತೇರದಾಳ, ಕುಡಚಿ ದಾಟಿ ಹೋಗಿ ಮುಟ್ಟುವಷ್ಟರಲ್ಲಿ ಆಯಿ ಮಾತಾಡುವುದನ್ನೇ ಬಿಟ್ಟಿದ್ದಳಂತೆ. ಡಾಕ್ಟರು ಸಿಟ್ಟಾದರು. "ಹೀಂಗ ಜೀಪಿನ್ಯಾಗ ಕುಲುಕಿ ತಂದ್ರ ನಾ ಕೊಟ್ಟ ಔಷಧ ದಾರ್‍ಯಾಗ ಉದುರಿ ಹೋಗತೈತಿ. ಕುಲುಕದ ಗಾಡಿ ನೋಡ್ರಿ, ಇಲ್ಲಾಂದ್ರ ತರಬ್ಯಾಡ್ರಿ."

ಮನೆಗೆ ಬಂದ ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಇನ್ನು ಎಲ್ಲಿಗೂ ಬರುವುದಿಲ್ಲ ಎಂದಳು. ಅಪ್ಪ ಮಂಚದ ಹತ್ತಿರ ಕೂತು, ಕುಲುಕದ ಗಾಡಿ ತರುತ್ತೇನೆಂದು ಒಂದು ತಾಸು ಬೇಡಿಕೊಂಡ. ಕೊನೆಗೆ ಆಯಿ ಒಂದು ಶರತ್ತು ಹಾಕಿದಳು.

"ಮಿರಜಿಗೆ ಬರ್ತೀನೋ ಮಲ್ಲ್ಯಾ. ಆದ್ರ ಅದ ಗಾಡ್ಯಾಗ ನನ್ನ ಅಮಾಸಿಗೊಮ್ಮೆ ಬೆಳಗಲಿಗೂ ಒಯ್ಯಬೇಕು."

ರನ್ನ ಬೆಳಗಲಿ ಆಯಿಯ ತವರು. ಮಹಾಲಿಂಗಪುರ ದಾಟಿದರೆ ಬಂತು. ಅಲ್ಲಿ ಅವಳ ಅಣ್ಣನಿದ್ದ. ನಾವು ಅವನಿಗೆ ಬೆಳಗಲಿ ಮುತ್ಯಾ ಎನ್ನುತ್ತಿದ್ದೆವು. ಕಣ್ಣು ಹೋಗಿದ್ದರಿಂದ ಅವನು ಬರುವಂತಿರಲಿಲ್ಲ. ಬೆನ್ನು ಹೋಗಿದ್ದರಿಂದ ಇವಳು ಹೋಗುವಂತಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಅರ್ಧ ತಾಸಿನ ದಾರಿ.

"ಒಯ್ತೀನಿ. ಒಂದ ಅಮಾಸಿನೂ ತಪ್ಪಸಂಗಿಲ್ಲ," ಎಂದ ಅಪ್ಪ. ಅಷ್ಟು ಗಟ್ಟಿಯಾಗಿ ಎಂದದ್ದರಿಂದ ಓಣಿಗೆಲ್ಲ ಆ ಮಾತು ಗೊತ್ತಾಯಿತು.

ಉಪಾಯ ಹೇಳಿದವನು ಜಮಖಂಡಿಯ ಇಮಾಮ ಕಾಕಾ. ಅಪ್ಪನ ಸಾಲಿ ಗೆಳೆಯ, ಗ್ಯಾರೇಜು ಇಟ್ಟಿದ್ದ. ಹೊಸ ಸಣ್ಣ ಕಾರು ತೆಗೆದುಕೊಳ್ಳುವ ರೊಕ್ಕದಲ್ಲೇ ಹಳೆಯ ದೊಡ್ಡ ಜರ್ಮನ್ ಗಾಡಿ ಸಿಗುತ್ತದೆ, ಕೊಲ್ಹಾಪುರದ ಕಡೆಯ ಸಾವುಕಾರರು ಹತ್ತು ವರ್ಷ ಹೊಡೆದು ಮಾರುತ್ತಾರೆ, ಅದರಲ್ಲಿ ಕೂತರೆ ಗಾದಿಯ ಮೇಲೆ ಮಲಗಿದ ಹಾಗೆ ಎಂದ. ಎರಡು ವಾರದಲ್ಲಿ ಒಬ್ಬ ದಲಾಲ ಅಂಥವೇ ಎರಡು ಗಾಡಿಗಳನ್ನು ಜಮಖಂಡಿಗೆ ತಂದು ನಿಲ್ಲಿಸಿದ. ಒಂದು ಬಿಳಿ, ಒಂದು ಕಡುನೀಲಿ. ಕಂಪನಿ ಒಂದೇ, ಮೈ ಒಂದೇ, ದರವೂ ಒಂದೇ. ಬೇರೆಯಿದ್ದದ್ದು ಇಂಜಿನ್. ಬಿಳಿಯದು ಎರಡು ಲೀಟರಿನದು, ನಾಲ್ಕು ಸಿಲಿಂಡರ್. ನೀಲಿಯದು ಮೂರು ಲೀಟರಿನ ಮೇಲೆ ಚೂರು, ಆರು ಸಿಲಿಂಡರ್.

ಆಯ್ಕೆ ಮಾಡಲು ಅಪ್ಪ, ಆಯಿ ಮತ್ತು ನಾನು ಹೋದೆವು. ನಾನು ಹೋದದ್ದಕ್ಕೆ ಕಾರಣವಿತ್ತು. ಬಸ್ಸು, ಜೀಪು, ಟೆಂಪೋ, ಕಡೆಗೆ ಚಕ್ಕಡಿ ಹತ್ತಿದರೂ ವಾಂತಿ ಮಾಡಿಕೊಳ್ಳುವ ಹುಡುಗಿ ನಮ್ಮ ಮನೆತನದಲ್ಲಿ ನಾನೊಬ್ಬಳೇ. ಮೂಗಿಗೆ ಹಿಡಿಯಲು ಅವ್ವ ಒಂದು ಲಿಂಬಿಹಣ್ಣು ಕೈಯಲ್ಲಿ ಕೊಟ್ಟೇ ಕಳಿಸುತ್ತಿದ್ದಳು. ಇಮಾಮ ಕಾಕಾ ನಗುತ್ತ ಅಂದಿದ್ದ, "ಪಾರೀನ ಕರಕೊಂಡ ಬಾ ಮಲ್ಲಪ್ಪ. ಆಕೀಗೆ ವಾಂತಿ ಆಗಲಿಲ್ಲಂದ್ರ ಆ ಗಾಡಿ ಪಾಸು. ಆಕಿ ಹೊಟ್ಟಿ ತಡಕೊಂಡ್ರ ಆಯಿ ಬೆನ್ನೂ ತಡಕೊಂತೈತಿ."

ದಲಾಲ ಲೀಟರಿನ ವಿಷಯ ಹೇಳತೊಡಗಿದಾಗ ಆಯಿ ತಡೆದಳು. ಗ್ಯಾರೇಜಿನ ಮುಂದೆ ಅವಳಿಗೊಂದು ಕುರ್ಚಿ ಹಾಕಿದ್ದರು.

"ಎಮ್ಮಿ ಮಾರೂ ಮುಂದ ಹೀಂಗ ಲೀಟರ್ ಹೇಳ್ತಾರ. ಇದು ಲೀಟರ್ ಕೊಡತೈತೋ, ಕುಡಿತೈತೋ?"

"ಕುಡೀತೈತ್ರಿ ಅಮ್ಮಾರ," ಎಂದ ಇಮಾಮ ಕಾಕಾ. "ಬಿಳೀದು ಕಮ್ಮಿ ಕುಡೀತೈತಿ. ನೀಲೀದು ಎಮ್ಮಿ ಕಲಗಚ್ಚು ಕುಡದಂಗ ಪೆಟ್ರೋಲ್ ಕುಡೀತೈತಿ. ಅದಕ್ಕ ಅದನ್ನ ಯಾರೂ ಕೇಳಂಗಿಲ್ಲ, ದರ ಇಳದೈತಿ. ನನ್ನ ಕೇಳಿದ್ರ ಬಿಳೀದು. ಸಾಮಾನೂ ಸಿಗ್ತಾವ."

ಮೊದಲು ಬಿಳಿ ಗಾಡಿ. ಇಮಾಮ ಕಾಕಾ ಹೊಡೆದ, ಅಪ್ಪ ಅವನ ಮಗ್ಗಲು ಕೂತ. ಹಿಂದೆ ಆಯಿ ಮತ್ತು ನಾನು. ಮುಧೋಳದ ರಸ್ತೆ ಹಿಡಿದೆವು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ರಸ್ತೆ ತುಂಬ ತೆವಳುತ್ತಿದ್ದವು. ಬಿಳಿ ಗಾಡಿ ಅವನ್ನು ದಾಟಲು ನೋಡುತ್ತಿತ್ತು, ಒಂದಿಷ್ಟು ಗುರುಗುಟ್ಟುತ್ತಿತ್ತು, ಮತ್ತೆ ಹಿಂದೆ ಸರಿಯುತ್ತಿತ್ತು. ಸಾವಕಾಶ ಹೋದೆವು, ಸಾವಕಾಶ ಬಂದೆವು. ಕಿಟಕಿಯಿಂದ ಕಬ್ಬಿನ ಸಿಹಿ ಹುಳಿ ವಾಸನೆ. ನಾನು ಟ್ರೇಲರಿನಿಂದ ಜೋತುಬಿದ್ದ ಗಳ ಎಣಿಸುತ್ತ ಕೂತಿದ್ದೆ. ಲಿಂಬಿಹಣ್ಣು ಹೇಗಿತ್ತೋ ಹಾಗೇ ಇತ್ತು.

ಆಮೇಲೆ ನೀಲಿ ಗಾಡಿ. ದಲಾಲ ಒಳಗೆ ಕೂತು ಕೀಲಿ ತಿರುಗಿಸಿದ. ಅಪ್ಪ ಮುಂದೆ ನಿಂತು ಕಾಯ್ದ. ಕಾಯ್ದು ಕಾಯ್ದು, "ಚಾಲೂ ಮಾಡ್ರೆಲಾ," ಎಂದು ಒದರಿದ.

"ಆಗಲೇ ಚಾಲೂ ಐತ್ರೀ."

ಅಪ್ಪ ನಂಬಲಿಲ್ಲ. ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಹಾಗೇ ನಿಂತ. ಜ್ವರ ನೋಡಲು ಮಕ್ಕಳ ಹಣೆಯ ಮೇಲೆ ಇಡುತ್ತಾರಲ್ಲ, ಹಾಗೆ. ಆಮೇಲೆ ನಮ್ಮ ಕಡೆ ತಿರುಗಿ ನಕ್ಕ. ಹುಬ್ಬಿನ ಮೇಲೆ ಹತ್ತಿ ಇತ್ತು, ಕೆಳಗೆ ಹಲ್ಲು ಕಂಡಿತು.

"ಸಪ್ಪಳಾನ ಇಲ್ಲಬೇ ಯವ್ವಾ," ಎಂದ. ಅದನ್ನು ಅವನು ಮೆಲ್ಲಗೆ ಎಂದ. ಅಪ್ಪ ಮೆಲ್ಲಗೆ ಮಾತಾಡಿದ್ದು ನಾನು ಮೊದಲ ಸಲ ಕೇಳಿದ್ದು ಆಗಲೇ.

ನೀಲಿ ಗಾಡಿಯಲ್ಲಿ ಕಿಟಕಿ ಮುಚ್ಚಿ ಏಸಿ ಹಚ್ಚಿದರು. ಅದೇ ಮುಧೋಳದ ರಸ್ತೆ, ಅವೇ ಟ್ರ್ಯಾಕ್ಟರುಗಳು. ಇಮಾಮ ಕಾಕಾ ಕಾಲಿನಿಂದ ಸ್ವಲ್ಪ ಒತ್ತಿದರೆ ಗಾಡಿ ಒಂದೇ ಉಸಿರಿಗೆ ಎರಡು ಟ್ರ್ಯಾಕ್ಟರು ದಾಟಿ ಮುಂದೆ ತೇಲುತ್ತಿತ್ತು. ಅಪ್ಪ ಸಣ್ಣ ಹುಡುಗನ ಹಾಗೆ "ಅದನ್ನೂ ದಾಟು, ಅದನ್ನೂ ದಾಟು" ಎನ್ನುತ್ತಿದ್ದ. ದಾಟಿದಾಗೊಮ್ಮೆ ಜೋಕಾಲಿ ಮೇಲೆ ಹೋಗಿ ಇಳಿದಂತೆ ನನ್ನ ಹೊಟ್ಟೆ ಎದ್ದು ಬೀಳುತ್ತಿತ್ತು. ಹಳೆಯ ಚರ್ಮದ ಸೀಟಿನ ವಾಸನೆ ಗಂಟಲಿಗೆ ಬಂತು. ಬಾಯಲ್ಲಿ ನೀರು ತುಂಬಿತು. ನುಂಗಿದೆ. ಮತ್ತೆ ತುಂಬಿತು, ಮತ್ತೆ ನುಂಗಿದೆ. ಲಿಂಬಿಹಣ್ಣನ್ನು ಮೂಗಿಗೆ ಹಿಡಿದರೆ ಅಪ್ಪ ಕನ್ನಡಿಯಲ್ಲಿ ನೋಡುತ್ತಾನೆ. ಅದಕ್ಕೆ ತೊಡೆಯ ಮಗ್ಗಲಲ್ಲೇ ಇಟ್ಟುಕೊಂಡು ಉಗುರು ಊರಿದೆ, ಹಿಂಡಿದೆ.

"ಗಾಡ್ಯಾಗ ಏನೋ ಛಲೋ ವಾಸನಿ ಬರಾಕತ್ತೈತಲ್ಲೋ ಇಮಾಮ," ಎಂದ ಅಪ್ಪ.

"ಸಾವ್ಕಾರ್ರ ಗಾಡಿ. ಸೆಂಟ್ ಬಡದಿರ್ತಾರ."

ಆಯಿ ನನ್ನನ್ನು ನೋಡಲಿಲ್ಲ. ತನ್ನ ಸೆರಗಿನ ತುದಿಯನ್ನು ನನ್ನ ಕೈಯ ಮೇಲೆ ಹಾಕಿದಳು. ಏಸಿಯ ಥಂಡಿಗೆ ಹಾಕಿದಳು ಎಂದುಕೊಂಡೆ.

ಗ್ಯಾರೇಜಿಗೆ ತಿರುಗಿ ಬಂದೆವು. ಬೆನ್ನಿಗೆ ಎರಡೂ ಒಂದೇ, ಎರಡರಲ್ಲೂ ಕುಲುಕು ಹತ್ತಲಿಲ್ಲ ಎಂದಳು ಆಯಿ. ಇಮಾಮ ಕಾಕಾ ಮತ್ತೆ ಬಿಳಿಯದನ್ನೇ ಹೇಳಿದ. ಅಪ್ಪ ನೀಲಿ ಗಾಡಿಯನ್ನು ನೋಡುತ್ತಿದ್ದ. ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಖರೇ ಹೇಳು ಪಾರಿ. ಯಾವದರಾಗ ಹೊಟ್ಟಿ ತೊಳಿಸಲಿಲ್ಲ?"

"ಬಿಳೀದರಾಗ ಒಂದೀಟು ತೊಳಿಸಿದಂಗಾತು," ಎಂದೆ. "ನೀಲೀದರಾಗ ಏನೂ ಆಗಲಿಲ್ಲ."

ಇಮಾಮ ಕಾಕಾ ತಲೆ ಕೆರೆದುಕೊಂಡ. "ನಮ್ಮ ಪಾರಿ ಮೀಟರ್ ಹೇಳಿದ ಮ್ಯಾಲ ಮುಗೀತು," ಎಂದ. ನಾನು ಗ್ಯಾರೇಜಿನ ಹಿಂದೆ ಹೋಗಿ, ಹಳೆಯ ಟಾಯರುಗಳ ಮರೆಯಲ್ಲಿ, ತಡೆದದ್ದನ್ನೆಲ್ಲ ಕಕ್ಕಿ ಬಂದೆ.

ನೀಲಿ ಗಾಡಿ ಮನೆಗೆ ಬಂತು. ಎಳ್ಳ ಅಮವಾಸ್ಯೆಗೆ ಅಪ್ಪ ಮಾತು ಉಳಿಸಿಕೊಂಡ. ಭೂಮಿತಾಯಿಗೆ ಚರಗದ ಎಡೆ ಚೆಲ್ಲಲು ಬೆಳಗಲಿಯ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬೆಳಗಲಿ ಮುತ್ಯಾ ಗಾಡಿಯ ಸುತ್ತ ಕೈಯಾಡಿಸಿ, "ಇಷ್ಟ ದೊಡ್ಡದು ಬಂದು ನಿಂತ್ರೂ ನನಗ ಗೊತ್ತಾಗಲಿಲ್ಲಲ್ಲ ತಂಗಿ," ಎಂದ. "ನಿನಗ ಕಣ್ಣಿಲ್ಲ, ಇದಕ್ಕ ಬಾಯಿಲ್ಲ," ಎಂದಳು ಆಯಿ. ಇಬ್ಬರೂ ಬನ್ನಿಗಿಡದ ಕೆಳಗೆ ಕೂತು ಬಿಸಿ ಸೀತನಿ ತಿಂದರು. ಸುಟ್ಟ ಜೋಳದ ಹಸಿರು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಆಯಿ ಕಾಳನ್ನು ಅಣ್ಣನ ಕೈಗೆ ಸುರಿಯುತ್ತಿದ್ದಳು. ಇಬ್ಬರ ಬಾಯಿಯೂ ಕಪ್ಪಾಗಿತ್ತು. ನನಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ವಾಂತಿಯಾಯಿತು. "ಹೋಳಗಿ ಜಾಸ್ತಿ ತಿಂದಾಳ," ಎಂದಳು ಆಯಿ. ಹೋಗುವಾಗ ನಾನಿನ್ನೂ ಹೋಳಿಗೆ ತಿಂದಿರಲಿಲ್ಲ. ಅಪ್ಪ ಅದನ್ನು ಕೇಳಲಿಲ್ಲ.

ಮುಂದಿನ ಅಮವಾಸ್ಯೆಗೆ ಗಾಡಿ ಅಂಗಳದಲ್ಲೇ ನಿಂತಿತು. ಇಮಾಮ ಕಾಕಾ ಹೇಳಿದ್ದೇ ಆಗಿತ್ತು. ಮಿರಜಿಗೆ ಎರಡು ಸಲ ಹೋಗಿಬರುವುದಕ್ಕೇ ತಿಂಗಳ ಪೆಟ್ರೋಲು ಮುಗಿಯುತ್ತಿತ್ತು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಇವತ್ತ ಮಗ್ಗಕ್ಕ ಬೀಮ್ ಏರಿಸೋದೈತಿ. ಮುಂದಿನ ಅಮಾಸಿಗಿ ಹೋಗೂಣು," ಎಂದ. ಅದರ ಮುಂದಿನದಕ್ಕೆ ಯಾವುದೋ ಸಾಮಾನು ಹೋಗಿತ್ತು, ಕೊಲ್ಹಾಪುರದಿಂದ ಬರಬೇಕಿತ್ತು.

ಮೂರನೇ ಅಮವಾಸ್ಯೆಗೆ ಆಯಿ ಇಳಕಲ್ ಸೀರೆ ಉಟ್ಟು, ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಕರೆಂಟು ಹೋಗಿತ್ತು, ಊರು ಗಪ್ಪಾಗಿತ್ತು. ಬಿಸಿಲು ಕಟ್ಟೆಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

"ತಗೋ, ತಿನ್ನು. ಇವತ್ತೂ ಆಗಂಗಿಲ್ಲ ಅನಸ್ತೈತಿ."

ನನಗೆ ತಿನ್ನಲಾಗಲಿಲ್ಲ. "ಆಯಿ, ಅವತ್ತು ಬಿಳೀದರಾಗ ನನಗ ಏನೂ ಆಗಿರಲಿಲ್ಲ," ಎಂದೆ. "ನೀಲೀದರಾಗನ ಆಗಿದ್ದು."

"ಗೊತ್ತೈತಿ. ಲಿಂಬಿಹಣ್ಣು ಹಿಂಡಿ ಹಿಪ್ಪಿ ಮಾಡಿದ್ದಿ. ನಿಮ್ಮಪ್ಪ ಸೆಂಟ್ ಅಂದ."

"ಮತ್ತ ನೀ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

"ಅಪ್ಪ ನಕ್ಕಿದ್ದ."

"ಹ್ಞಾಂ," ಎಂದಳು ಆಯಿ. ಡಬ್ಬಿ ಮುಚ್ಚಿದಳು. "ನಾನೂ ನೋಡಿದೆ. ಎಷ್ಟ ದಿನಾ ಆಗಿತ್ತು. ಅವಗ ಹೇಳಬ್ಯಾಡ."

ಹೇಳಲಿಲ್ಲ. ಎಷ್ಟೋ ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಅಪ್ಪ ಒಬ್ಬನೇ ಅಂಗಳಕ್ಕೆ ಹೋಗಿ, ಗಾಡಿ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಮತ್ತೆ ಬಂದ್ ಮಾಡಿ ಬರುವುದನ್ನು ನಾನು ಕಂಡಿದ್ದೇನೆ. ಆಯಿಯೂ ಕಿಟಕಿಯಿಂದ ಕಂಡಿದ್ದಾಳೆ.

ಆಯಿ ಅದಾದ ಮೇಲೆ ಆರು ವರ್ಷ ಬದುಕಿದಳು. ಬೆನ್ನು ಸುಧಾರಿಸಿ ಕಟ್ಟೆಯವರೆಗೆ ನಡೆಯುವಂತಾದಳು. ಅದು ಆ ಗಾಡಿಯಿಂದಲೇ ಆದದ್ದು, ಅದನ್ನೂ ಹೇಳಬೇಕು. ಮಿರಜಿಗೆ ಅದು ಒಮ್ಮೆಯೂ ತಪ್ಪಲಿಲ್ಲ. ಬೆಳಗಲಿಗೆ ಹೋದದ್ದು ನಾಲ್ಕು ಸಲ. ನೆನಪು ಮೋಸ ಮಾಡಬಾರದೆಂದು ಅವ್ವನನ್ನೂ ಕೇಳಿ ನೋಡಿದ್ದೇನೆ. ಅವ್ವನೂ ನಾಲ್ಕೇ ಎನ್ನುತ್ತಾಳೆ. ಕೊನೆಯ ಸಲ ಹೋದದ್ದು ಬೆಳಗಲಿ ಮುತ್ಯಾನ ಮಣ್ಣಿಗೆ.

ಈಗ ನಮ್ಮ ಓಣಿಯಲ್ಲಿ ಮಗ್ಗಗಳು ಎರಡು ಮನೆಯಲ್ಲಿ ಮಾತ್ರ ಉಳಿದಿವೆ. ಕರೆಂಟು ಇದ್ದರೂ ಗುಬ್ಬಿಯ ದನಿ ಕೇಳಬಹುದು, ಆದರೆ ಗುಬ್ಬಿಗಳೇ ಕಾಣುವುದಿಲ್ಲ. ನೀಲಿ ಗಾಡಿಯನ್ನು ಬೀಳಗಿಯ ಒಬ್ಬರು ಮದುವೆ ಬಾಡಿಗೆಗೆಂದು ಒಯ್ದರು. ಆಮೇಲೆ ಅದು ಏನಾಯಿತೋ. ನಾನು ಓಡಿಸುವುದು ಬ್ಯಾಟರಿಯ ಕಾರು. ಅದಕ್ಕೆ ಲೀಟರಿನ ಮಾತೇ ಇಲ್ಲ, ಸಪ್ಪಳವೂ ಇಲ್ಲ. ಕಳೆದ ಎಳ್ಳ ಅಮವಾಸ್ಯೆಗೆ ಅದರಲ್ಲಿ ಬೆಳಗಲಿಗೆ ಹೋಗಿದ್ದೆ. ಅರ್ಧ ತಾಸೂ ಹಿಡಿಯಲಿಲ್ಲ. ವಾಂತಿ ನಿಂತು ಎಷ್ಟೋ ವರ್ಷವಾಯಿತು. ಬನ್ನಿಗಿಡ ಇತ್ತು. ಯಾರು ಬಂದಿರಿ ಎಂದು ಕೇಳುವವರಿರಲಿಲ್ಲ.

ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. ವರದಿಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ನಿಯಮ. ಅಪ್ಪ ಹೋಗಿ ಎರಡು ವರ್ಷವಾಯಿತು. ಆಯಿಗೆ ಕೊಟ್ಟ ಮಾತಿನ ಭಾರವೂ ಅಲ್ಲಿಗೆ ಇಳಿಯಿತು. ಅದಕ್ಕೆ ಈಗ ಬರೆಯುತ್ತಿದ್ದೇನೆ: ಬಿಳಿ ಗಾಡಿಯಲ್ಲಿ ನನಗೆ ಏನೂ ಆಗಿರಲಿಲ್ಲ. ನೀಲಿಯದರಲ್ಲಿ ಆಗಿತ್ತು. ತಿದ್ದಿ ಓದಿಕೊಳ್ಳಬೇಕಾದ ಅಪ್ಪ ಈಗಿಲ್ಲ, ಮೊದಲೇ ಗೊತ್ತಿದ್ದ ಆಯಿಯೂ ಇಲ್ಲ.